ಅಮಿಗಾ 500 ಗಡಿಯಾರ: ಚಿಪ್ ಬದಲಿಸುವ ಮೊದಲು ಇಷ್ಟು ನೋಡಿ

ನೀವು ಬರೆದಿದ್ದು ಇಷ್ಟು. ಅಮಿಗಾ 500 (ಕಮೊಡೋರ್ ಕಂಪನಿಯ ಹಳೇ ಮನೆ ಕಂಪ್ಯೂಟರ್), ಕೆಳಗಿನ ಬಾಗಿಲಲ್ಲಿ ಮೆಮೊರಿ ಮತ್ತು ಗಡಿಯಾರ ಇರುವ ಎ501 ಕಾರ್ಡ್, ಸಿಸ್ಟಂ ಸಾಫ್ಟ್‌ವೇರ್ ವರ್ಕ್‌ಬೆಂಚ್ 1.3. ಸೋರಿದ್ದ ಹಳೆ ಬ್ಯಾಟರಿ ಕಿತ್ತು ಅದೇ ಜಾಗಕ್ಕೆ ಸಿಆರ್2032 ಬಟನ್ ಸೆಲ್ಲಿನ ಹೋಲ್ಡರ್ ಬೆಸುಗೆ ಹಾಕಿದ್ದೀರಿ. ಮಷೀನ್ ಆನ್ ಇರುವಷ್ಟು ಹೊತ್ತು ಪರದೆ ಮೇಲಿನ ಗಡಿಯಾರ ಚೆನ್ನಾಗಿಯೇ ಓಡುತ್ತದೆ. ಆಫ್ ಮಾಡಿ ಮರುದಿನ ಆನ್ ಮಾಡಿದರೆ ಮತ್ತೆ ಹಳೇ ದಿನಾಂಕ. ಈ ಥ್ರೆಡ್‌ನಲ್ಲಿ ಮೇಲೊಬ್ಬರು "ಗಡಿಯಾರದ ಚಿಪ್ ಹೋಗಿದೆ, ಬದಲಿಸಿ" ಅಂದಿದ್ದಾರೆ. ಹೋಗಿರಲೂಬಹುದು. ಆದರೆ ನೀವು ಕೊಟ್ಟ ವಿವರದಲ್ಲಿ ಚಿಪ್ ಕಡೆ ಬೆರಳು ತೋರಿಸುವಂಥದ್ದು ಏನೂ ಇಲ್ಲ.

ಮೊದಲು ಆ ಸೆಲ್ ತೆಗೆದಿಡಿ. ಈಗಲೇ. ಎ501ರಲ್ಲಿ ಮೂಲತಃ ಇದ್ದದ್ದು 3.6 ವೋಲ್ಟಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ. ಅದು ಚಾರ್ಜ್ ಆಗುವ ಜಾತಿಯದ್ದು. ಮಷೀನ್ ಆನ್ ಇದ್ದಾಗ 5 ವೋಲ್ಟ್ ಸಾಲಿನಿಂದ ಅದಕ್ಕೆ ಚಾರ್ಜ್ ಹೋಗುವ ದಾರಿ ಬೋರ್ಡಿನಲ್ಲೇ ಇದೆ. ಸಿಆರ್2032 ಲಿಥಿಯಂ ಸೆಲ್, ಚಾರ್ಜ್ ಮಾಡುವಂಥದ್ದಲ್ಲ. ಒತ್ತಾಯದಿಂದ ಚಾರ್ಜ್ ಮಾಡಿದರೆ ಊದಬಹುದು, ಸೋರಬಹುದು, ಸಿಡಿಯಲೂಬಹುದು. ಹೋಲ್ಡರ್ ಹಾಕುವಾಗ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಹಾಕಿದೆ ಅಂತ ನೀವು ಎಲ್ಲೂ ಬರೆದಿಲ್ಲ, ಅದಕ್ಕೇ ಹೇಳಿದೆ.

ಪರೀಕ್ಷೆ ಸುಲಭ. ಸೆಲ್ ಇಲ್ಲದ ಖಾಲಿ ಹೋಲ್ಡರಿನ ಎರಡು ತುದಿಗೆ 10 ಕಿಲೋಓಮ್ ರೆಸಿಸ್ಟರ್ ಒಂದನ್ನು ಅಡ್ಡ ಹಾಕಿ. ಮಷೀನ್ ಆನ್ ಮಾಡಿ ಆ ರೆಸಿಸ್ಟರ್ ಮೇಲೆ ವೋಲ್ಟೇಜ್ ಅಳೆಯಿರಿ. ಮೂರು ನಾಲ್ಕು ವೋಲ್ಟ್ ಬಂತೋ, ಚಾರ್ಜ್ ದಾರಿ ಜೀವಂತ ಇದೆ ಅಂತ ಅರ್ಥ. ಕೆಲವೇ ಮಿಲಿವೋಲ್ಟ್ ಬಂದರೆ ಭಯವಿಲ್ಲ. ರೆಸಿಸ್ಟರ್ ಇಲ್ಲದೆ ಬರೀ ಮೀಟರ್ ಹಿಡಿದರೆ ಡಯೋಡಿನ ಪುಟ್ಟ ಲೀಕೇಜ್ ಕೂಡ ದೊಡ್ಡ ವೋಲ್ಟೇಜ್ ಥರ ಕಾಣುತ್ತದೆ, ಸುಮ್ನೆ ಗಾಬರಿ ಆಗುತ್ತದೆ.

ದಾರಿ ಜೀವಂತ ಇದ್ದರೆ ಸೆಲ್ಲಿನ ಪ್ಲಸ್ ಮತ್ತು ಬೋರ್ಡಿನ ಮಧ್ಯೆ ಒಂದು 1ಎನ್4148 ಡಯೋಡ್ ಹಾಕಿ. ಪಟ್ಟಿ ಇರುವ ತುದಿ ಬೋರ್ಡಿನ ಕಡೆ. "ಡಯೋಡ್ 0.6 ವೋಲ್ಟ್ ತಿಂದುಬಿಡುತ್ತಲ್ಲ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಮಿಲಿಆಂಪ್‌ಗಳ ಲೆಕ್ಕ. ಇಲ್ಲಿ ಹರಿಯುವುದು ಕೆಲವು ಮೈಕ್ರೋಆಂಪ್, ಅಷ್ಟಕ್ಕೆ ಇಳಿಯುವುದು ಸುಮಾರು 0.4 ವೋಲ್ಟ್. ಚಿಪ್‌ಗೆ 2.6 ಉಳಿಯುತ್ತದೆ, ಸಮಯ ಇಟ್ಟುಕೊಳ್ಳಲು ಅದಕ್ಕೆ 2 ವೋಲ್ಟ್ ಸಾಕು. ಬ್ಯಾಟರಿ ದಾರಿಯಲ್ಲಿ ಮೊದಲೇ ಇನ್ನೊಂದು ಡಯೋಡ್ ಇದ್ದರೆ ಮಾತ್ರ ಕಷ್ಟ, ಆಗ ಕಡಿಮೆ ವೋಲ್ಟ್ ತಿನ್ನುವ ಶಾಟ್‌ಕಿ ಜಾತಿಯದ್ದನ್ನು ಹಾಕಿ. ಎ501ರ ನಕಲು ಕಾರ್ಡುಗಳು ಹತ್ತಾರು ಬಗೆಯವು. ನಿಮ್ಮ ಬೋರ್ಡಿನ ದಾರಿಯನ್ನು ಮೀಟರ್ ಹಿಡಿದು ನೀವೇ ನೋಡಿಕೊಳ್ಳಿ, ಯಾರದ್ದೋ ಚಿತ್ರ ನಂಬಬೇಡಿ.

ಈಗ ಮುಖ್ಯ ವಿಷಯ. ನಿಮ್ಮ ಮಷೀನಿನಲ್ಲಿ ಗಡಿಯಾರ ಎರಡಿವೆ. ಪರದೆ ಮೇಲೆ ಓಡುವುದು ಸಿಸ್ಟಂ ಸಮಯ. ಅದು ಸಾಫ್ಟ್‌ವೇರ್ ಎಣಿಕೆ, ಕಾರ್ಡೇ ಇಲ್ಲದಿದ್ದರೂ ಓಡುತ್ತದೆ. ಎ501 ಮೇಲಿರುವ ಓಕಿ ಕಂಪನಿಯ ಎಂಎಸ್ಎಂ6242ಬಿ ಚಿಪ್ ಇನ್ನೊಂದು ಗಡಿಯಾರ. 1.3ರಲ್ಲಿ ಇವೆರಡೂ ಮಾತಾಡುವುದು ಸೆಟ್‌ಕ್ಲಾಕ್ ಕಮಾಂಡ್ ಕೊಟ್ಟಾಗ ಮಾತ್ರ. ಹಾಗಾಗಿ "ಆನ್ ಇದ್ದಾಗ ಚೆನ್ನಾಗಿ ಓಡುತ್ತೆ" ಅನ್ನುವ ಮಾತು ಚಿಪ್ ಬಗ್ಗೆ ಏನನ್ನೂ ಹೇಳುವುದಿಲ್ಲ. ಬೂಟ್ ಆಗುವಾಗ ತಾನಾಗಿ ಓಡುವ ಕಮಾಂಡುಗಳಿರುವ ಸ್ಟಾರ್ಟಪ್ ಸೀಕ್ವೆನ್ಸ್ ಫೈಲಿನಲ್ಲಿ "ಸೆಟ್‌ಕ್ಲಾಕ್ ಲೋಡ್" ಅನ್ನುವ ಸಾಲು ಇದೆಯಾ ನೋಡಿ. ಜಾಗ ಉಳಿಸಲು ಕತ್ತರಿಸಿದ ಬೂಟ್ ಡಿಸ್ಕುಗಳಲ್ಲಿ ಎಷ್ಟೋ ಸಲ ಆ ಸಾಲೂ ಇರುವುದಿಲ್ಲ, ಕಮಾಂಡೂ ಇರುವುದಿಲ್ಲ. ಮಷೀನಿನ ರೋಮ್ ಚಿಪ್ಪಿನಲ್ಲಿರುವ ಸಿಸ್ಟಂ ಸಾಫ್ಟ್‌ವೇರ್ ಕಿಕ್‌ಸ್ಟಾರ್ಟ್ 2.0 ಮತ್ತು ನಂತರದ್ದರಲ್ಲಿ ಮಷೀನ್ ತಾನೇ ಚಿಪ್ಪನ್ನು ಓದಿಕೊಳ್ಳುತ್ತದೆ. ನಿಮ್ಮದರಲ್ಲಿ ಇಲ್ಲ.

ಆ "ಹಳೇ ದಿನಾಂಕ" ಎಲ್ಲಿಂದ ಬರುತ್ತೆ ಗೊತ್ತಾ? ಚಿಪ್‌ನಿಂದ ಸಮಯ ಸಿಗದಿದ್ದಾಗ ಅಮಿಗಾ ಬೂಟ್ ಡಿಸ್ಕಿಗೆ ಕೊನೆಯ ಸಲ ಬರೆದ ದಿನಾಂಕವನ್ನೇ ತೆಗೆದುಕೊಳ್ಳುತ್ತದೆ. ಹಾಗಾಗಿ ನೋಡಿದವರಿಗೆ ಬ್ಯಾಟರಿ ಸತ್ತು ಗಡಿಯಾರ ನಿಂತುಹೋಗಿದೆ ಅನಿಸುತ್ತದೆ. ನಿಮಗೆ ಕಾಣುವ ದಿನಾಂಕ ನೀವು ಆ ಡಿಸ್ಕಿನಲ್ಲಿ ಕೊನೆಗೆ ಫೈಲ್ ಉಳಿಸಿದ ದಿನಕ್ಕೆ ತಾಳೆ ಆದರೆ, ಚಿಪ್ಪಿನಿಂದ ಸಮಯ ಬಂದೇ ಇಲ್ಲ. ಓದಲು ಹೇಳಿಲ್ಲ, ಇಲ್ಲವೇ ಓದಲು ಆಗಿಲ್ಲ.

ಇದನ್ನು ಬಿಡಿಸಲು ಬೆಸುಗೆ ಕಡ್ಡಿ ಬೇಕಿಲ್ಲ. ಕಮಾಂಡ್ ಟೈಪ್ ಮಾಡುವ ಕಿಟಕಿ, ಅಂದರೆ ಸಿಎಲ್ಐ, ತೆರೆಯಿರಿ. ಮೊದಲು "ಸೆಟ್‌ಕ್ಲಾಕ್ ರೀಸೆಟ್" ಕೊಡಿ. ಅಡ್ಡಾದಿಡ್ಡಿ ಬರೆದ ಪ್ರೋಗ್ರಾಂಗಳು ಕೆಲವೊಮ್ಮೆ ಚಿಪ್ಪನ್ನು ನಿಲ್ಲಿಸಿಬಿಡುತ್ತವೆ, ಇಲ್ಲವೇ ಟೆಸ್ಟ್ ಬಿಟ್ ಹಾಕಿ ಬಿಟ್ಟಿರುತ್ತವೆ. ಈ ಕಮಾಂಡ್ ಇರುವುದೇ ಅದನ್ನು ಸರಿಮಾಡಲು. ಬ್ಯಾಟರಿ ಇಲ್ಲದೆ ವರ್ಷಗಟ್ಟಲೆ ಕೂತ ಚಿಪ್ಪಿನ ರಿಜಿಸ್ಟರುಗಳಲ್ಲೂ ಏನು ಬೇಕಾದರೂ ಇರಬಹುದು, ಹಾಗಾಗಿ ಇದನ್ನು ಬಿಡಬೇಡಿ. ಆಮೇಲೆ ಡೇಟ್ ಕಮಾಂಡಿನಲ್ಲಿ ದಿನಾಂಕ, ಸಮಯ ಹಾಕಿ. ಪರೀಕ್ಷೆಗೆ 1991ರ ಯಾವುದೋ ದಿನ ಸಾಕು. ವರ್ಷವನ್ನು ಎರಡೇ ಅಂಕಿಯಲ್ಲಿ ಬರೆಯುವ ತಲೆನೋವನ್ನು ಈಗಲೇ ಮೈಮೇಲೆ ಎಳೆದುಕೊಳ್ಳುವುದು ಬೇಡ. "ಸೆಟ್‌ಕ್ಲಾಕ್ ಸೇವ್" ಕೊಟ್ಟು ಹತ್ತು ನಿಮಿಷ ಬಿಡಿ. ಮಷೀನ್ ಆಫ್ ಮಾಡಬೇಡಿ. ಈಗ ಡೇಟ್ ಕಮಾಂಡಿನಿಂದ ಸಿಸ್ಟಂ ಸಮಯವನ್ನು ಬೇಕೆಂದೇ ಕೆಡಿಸಿ, ಬೇರೆ ಯಾವುದೋ ದಿನ ಹಾಕಿ. ನಂತರ "ಸೆಟ್‌ಕ್ಲಾಕ್ ಲೋಡ್" ಕೊಟ್ಟು ಡೇಟ್ ನೋಡಿ.

ಹತ್ತು ನಿಮಿಷ ಮುಂದೆ ಹೋದ ಸರಿಯಾದ ಸಮಯ ಬಂದರೆ ಚಿಪ್ ಚೆನ್ನಾಗಿದೆ, ಅದಕ್ಕೆ ಟಿಕ್ ಕೊಡುವ ಕ್ರಿಸ್ಟಲ್ ಚೆನ್ನಾಗಿದೆ, ಕನೆಕ್ಟರ್ ಚೆನ್ನಾಗಿದೆ. ತೊಂದರೆ ಬ್ಯಾಟರಿ ದಾರಿಯಲ್ಲಿ, ಅಥವಾ ಸ್ಟಾರ್ಟಪ್ ಸಾಲಿನಲ್ಲಿ. ನಿಮ್ಮದು ಇಲ್ಲಿಗೇ ಬಂದು ನಿಲ್ಲುತ್ತದೆ ಅಂತ ನನ್ನ ಅಂದಾಜು. ಸೇವ್ ಮಾಡಿದ ಸಮಯವೇ ಅಲ್ಲಾಡದೆ ವಾಪಸ್ ಬಂದರೆ ಚಿಪ್ ಓದಲು ಸಿಗುತ್ತಿದೆ, ಆದರೆ ಟಿಕ್ ಆಗುತ್ತಿಲ್ಲ. ಅದು ಕ್ರಿಸ್ಟಲ್ ಕಡೆಯ ಕಥೆ. ಅಸಂಬದ್ಧ ಅಂಕಿ ಬಂದರೆ, ಇಲ್ಲವೇ ಗಡಿಯಾರವೇ ಸಿಗದಿದ್ದರೆ, ಕನೆಕ್ಟರ್ ಮತ್ತು ಬೋರ್ಡಿನ ತಾಮ್ರದ ಟ್ರ್ಯಾಕುಗಳ ಕಡೆ ಹೋಗಬೇಕು.

ಬ್ಯಾಟರಿ ದಾರಿ ನೋಡಲು ಚಿಪ್‌ನ 18ನೇ ಪಿನ್ ಸಾಕು. 18 ಪಿನ್ನಿನ ಚಿಪ್, ಗ್ರೌಂಡ್ 9ನೇ ಪಿನ್, ವೋಲ್ಟೇಜ್ 18ರಲ್ಲಿ. ಡಯೋಡ್ ಹಾಕಿ, ಸೆಲ್ ಕೂರಿಸಿ, ಮಷೀನ್ ಆಫ್ ಇಟ್ಟು ಈ ಎರಡರ ಮಧ್ಯೆ ಅಳೆಯಿರಿ. ಮೀಟರ್ ಕಡ್ಡಿಯನ್ನು ಚಿಪ್‌ನ ಕಾಲಿಗೇ ಮುಟ್ಟಿಸಿ, ಬೋರ್ಡಿನ ಬೆಸುಗೆಗಲ್ಲ. 2.4ರಿಂದ 3ರ ಒಳಗೆ ಇದ್ದರೆ ಸರಿ. ಹೋಲ್ಡರಿನಲ್ಲಿ 3 ಇದ್ದು ಪಿನ್ನಿನಲ್ಲಿ 0.3 ಬಂದರೆ ಮಧ್ಯದಲ್ಲಿ ಎಲ್ಲೋ ಕಡಿದಿದೆ: ತಿಂದುಹೋದ ಟ್ರ್ಯಾಕ್, ಕೊಳೆತ ರೆಸಿಸ್ಟರ್ ಕಾಲು, ಅಥವಾ ತಿರುಗುಮುರುಗು ಹಾಕಿದ ಡಯೋಡ್. ಹೋಲ್ಡರಿನಲ್ಲೇ ವೋಲ್ಟೇಜ್ ಕುಸಿದಿದ್ದರೆ ಯಾವುದೋ ಜಾಗದಲ್ಲಿ ಕರೆಂಟ್ ಜಾಸ್ತಿ ಸೋರುತ್ತಿದೆ.

ಆ ಸೋರಿಕೆಯನ್ನು ಅಳೆಯಲೂ ಒಂದು ಉಪಾಯವಿದೆ. ಸೆಲ್ಲಿನ ಪ್ಲಸ್ ಸಾಲಿನಲ್ಲಿ 1 ಕಿಲೋಓಮ್ ರೆಸಿಸ್ಟರ್ ಸೇರಿಸಿ, ಮಷೀನ್ ಆಫ್ ಇದ್ದಾಗ ಅದರ ಮೇಲಿನ ಮಿಲಿವೋಲ್ಟ್ ಓದಿ. ಪ್ರತಿ ಮಿಲಿವೋಲ್ಟಿಗೆ ಒಂದು ಮೈಕ್ರೋಆಂಪ್. ಈ ಚಿಪ್ 2 ವೋಲ್ಟಿನಲ್ಲಿ ತೆಗೆದುಕೊಳ್ಳುವುದು ಹೆಚ್ಚೆಂದರೆ 10 ಮೈಕ್ರೋಆಂಪ್. ಸಿಆರ್2032ರ ಸಾಮರ್ಥ್ಯ ಸುಮಾರು 220 ಮಿಲಿಆಂಪ್ ಅವರ್, ಅಂದರೆ 22,000 ಗಂಟೆ, ಎರಡೂವರೆ ವರ್ಷ. ಅದೇ 200 ಮೈಕ್ರೋಆಂಪ್ ಹೋಗುತ್ತಿದ್ದರೆ ಒಂದೂವರೆ ತಿಂಗಳಿಗೆ ಸೆಲ್ ಖಾಲಿ. "ಹೊಸ ಸೆಲ್ ಹಾಕಿದರೆ ಸ್ವಲ್ಪ ದಿನ ಸರಿ ಇರುತ್ತೆ, ಆಮೇಲೆ ಮತ್ತೆ ಅದೇ ಗೋಳು" ಅನ್ನುವವರು ಹೆಚ್ಚಾಗಿ ಈ ಅಳತೆ ಮಾಡಿಯೇ ಇರುವುದಿಲ್ಲ. ಬೋರ್ಡ್ ಮೇಲೆ ಉಳಿದ ಕೊಳೆಯೇ ಕರೆಂಟ್ ಸಾಗಿಸುತ್ತಿರುತ್ತದೆ.

ಕೊಳೆಯ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಯಾಕೆಂದರೆ ಹತ್ತರಲ್ಲಿ ಎಂಟು ಕಾರ್ಡ್ ಸಾಯುವುದು ಇದರಿಂದಲೇ ಅಂತ ನನಗನಿಸುತ್ತದೆ. ಎ501ಕ್ಕೆ ತಗಡಿನ ಕವಚ ಇರುತ್ತದೆ. ಬೆಸುಗೆ ಬಿಡಿಸಿ, ಕಿವಿಗಳನ್ನು ನೇರ ಮಾಡಿ ಅದನ್ನು ಪೂರ್ತಿ ತೆಗೆಯದೆ ಒಳಗಿನ ಸ್ಥಿತಿ ಗೊತ್ತಾಗುವುದಿಲ್ಲ. ಬ್ಯಾಟರಿಯಿಂದ ಸೋರುವುದು ಪೊಟ್ಯಾಶಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. "ಆಸಿಡ್ ಸೋರಿದೆ" ಅಂತ ಎಲ್ಲರೂ ಬರೆಯುತ್ತಾರೆ, ಆಮೇಲೆ ಅಡುಗೆ ಸೋಡಾ ಹಚ್ಚುತ್ತಾರೆ. ಸೋಡಾ ಕೂಡ ಕ್ಷಾರವೇ ಅಲ್ವಾ, ಏನೂ ಆಗುವುದಿಲ್ಲ. ಬೇಕಿರುವುದು ಬಿಳಿ ವಿನೆಗರ್ ಅಥವಾ ನಿಂಬೆರಸ. ಹತ್ತಿ ಕಡ್ಡಿಯಲ್ಲಿ ಹಚ್ಚಿ, ಗುಳ್ಳೆ ನಿಲ್ಲುವವರೆಗೆ ಹಳೆ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ. ಆಮೇಲೆ ಡಿಸ್ಟಿಲ್ಡ್ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ವಿನೆಗರ್ ಉಳಿದರೆ ಅದೂ ತಾಮ್ರ ತಿನ್ನುತ್ತದೆ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒಂದು ದಿನ ಒಣಗಲು ಬಿಡಿ. ಕಣ್ಣಿಗೆ ಕನ್ನಡಕ ಇರಲಿ. ಹಸಿರು ಕಟ್ಟಿದ ಜಾಗಕ್ಕೆ ತೊಳೆಯುವ ಮೊದಲೇ ಬೆಸುಗೆ ಕಡ್ಡಿ ಇಡಬೇಡಿ. ಕೆಟ್ಟ ಹೊಗೆ ಬರುತ್ತದೆ, ಬೆಸುಗೆಯೂ ಹಿಡಿಯುವುದಿಲ್ಲ.

ತೊಳೆದ ಮೇಲೆ ಟ್ರ್ಯಾಕುಗಳನ್ನು ನೋಡಿ. ಬೋರ್ಡಿನ ಹಸಿರು ಪದರದ (ಮಾಸ್ಕ್) ಕೆಳಗೆ ಕಪ್ಪಾದ ಗೆರೆ ಕಂಡರೆ ತಾಮ್ರ ಒಳಗೇ ಕೊಳೆತಿದೆ. ಬೋರ್ಡಿನ ಒಂದು ಬದಿಯಿಂದ ಇನ್ನೊಂದಕ್ಕೆ ಹೋಗುವ ಸಣ್ಣ ತೂತುಗಳು ಇನ್ನೂ ಮೋಸಗಾರರು. ಮೇಲಿಂದ ಹೊಳೆಯುತ್ತವೆ, ಒಳಗೆ ಕಡಿದಿರುತ್ತವೆ. ಚಿಪ್ ಸಾಕೆಟ್‌ನಲ್ಲಿದ್ದರೆ ಅದರ ಅಡಿಗೂ ರಸ ಹರಿದಿರುತ್ತದೆ, ಆಗ ಸಾಕೆಟ್ ಕಿತ್ತು ಹೊಸದು ಹಾಕುವುದೇ ಒಳ್ಳೆಯದು. ಕಡಿದ ಕಡೆ ತೆಳು ತಂತಿಯಿಂದ ಸೇತುವೆ ಹಾಕಿ.

ಡೇಟಾ ಸಾಲು ಕಡಿದಿದ್ದರೆ ಅಂಕಿಗಳೇ ಹೇಳುತ್ತವೆ. ಚಿಪ್ ಪ್ರತಿ ಅಂಕಿಯನ್ನು ನಾಲ್ಕು ಬಿಟ್‌ಗಳಲ್ಲಿ ಕೊಡುತ್ತದೆ, 14ರಿಂದ 11ರವರೆಗಿನ ಪಿನ್ನುಗಳಲ್ಲಿ ಡಿ0ರಿಂದ ಡಿ3. ಮತ್ತೆ ಮತ್ತೆ ಲೋಡ್ ಮಾಡಿ ಸೆಕೆಂಡಿನ ಕೊನೆಯ ಅಂಕಿ ಗಮನಿಸಿ. ಬರೀ ಬೆಸ ಅಂಕಿಗಳೇ ಬಂದರೆ ಡಿ0 ಸಾಲು ಸದಾ 1ರಲ್ಲೇ ಅಂಟಿಕೊಂಡಿದೆ. ಬರೀ ಸಮ ಬಂದರೆ ಸದಾ 0ಯಲ್ಲಿ. 7 ಆದ ಮೇಲೆ 8, 9 ಬರದೆ ಮತ್ತೆ 0, 1 ಬಂದರೆ ಡಿ3 ನೋಡಿ. ಇನ್ನೊಂದು ಮಾತು: "512 ಕಿಲೋಬೈಟ್ ಮೆಮೊರಿ ಕಾಣುತ್ತೆ, ಹಾಗಾಗಿ ಕನೆಕ್ಟರ್ ಸರಿ ಇದೆ" ಅನ್ನುವುದು ಅರ್ಧ ಸತ್ಯ. ಗಡಿಯಾರದ ಓದು ಬರಹಕ್ಕೆ ಮುಖ್ಯ ಬೋರ್ಡಿನ ಗ್ಯಾರಿ ಚಿಪ್‌ನಿಂದ ಬೇರೆಯೇ ಎರಡು ಸಾಲು ಬರುತ್ತವೆ. ಮೆಮೊರಿ ಕೆಲಸ ಮಾಡುತ್ತಲೇ ಗಡಿಯಾರ ಸಿಗದಿರಬಹುದು. ಕನೆಕ್ಟರ್ ಪಿನ್ನುಗಳನ್ನು ಆಲ್ಕೋಹಾಲಿನಲ್ಲಿ ಒರೆಸಿ ಮತ್ತೆ ಕೂರಿಸಿ, ಪವರ್ ತೆಗೆದೇ ಮಾಡಿ.

ಟಿಕ್ ಆಗದ ಗಡಿಯಾರ ಇದ್ದರೆ 32.768 ಕಿಲೋಹರ್ಟ್ಸ್ ಕ್ರಿಸ್ಟಲ್ ಬದಲಿಸಿ ನೋಡಿ. 16, 17ನೇ ಪಿನ್ನಿಗೆ ಆಸಿಲೋಸ್ಕೋಪ್ ಹಚ್ಚಿ ಪರೀಕ್ಷಿಸಲು ಹೋಗಬೇಡಿ. ಪ್ರೋಬಿನ ಹತ್ತಾರು ಪಿಕೋಫ್ಯಾರಡ್ ಸಾಕು, ಓಡುತ್ತಿದ್ದ ಕ್ರಿಸ್ಟಲ್ ನಿಲ್ಲುತ್ತದೆ, ನಿಮಗೆ ತಪ್ಪು ಉತ್ತರ ಸಿಗುತ್ತದೆ. ಗಡಿಯಾರ ದಿನಕ್ಕೆ ಒಂದೆರಡು ಸೆಕೆಂಡ್ ಹಿಂದೆ ಮುಂದೆ ಆದರೆ ಅದು ದೋಷವಲ್ಲ, 20 ಪಿಪಿಎಂ (ಹತ್ತು ಲಕ್ಷಕ್ಕೆ 20) ಅಂದರೇ ದಿನಕ್ಕೆ 1.7 ಸೆಕೆಂಡ್.

ಒಂದು ವಿಚಿತ್ರ ಲಕ್ಷಣವೂ ಇದೆ: ಸಮಯ ಉಳಿಯುತ್ತದೆ, ಆದರೆ ಆಗಾಗ ಆಫ್ ಮಾಡಿದ ಕ್ಷಣದಲ್ಲಿ ಎಲ್ಲೋ ಹಾರಿಬಿಡುತ್ತದೆ. ಆಗ 15ನೇ ಪಿನ್ ನೋಡಿ. ಪವರ್ ಹೋಗುವಾಗ ಅದು ಸೊನ್ನೆಗೆ ಇಳಿದು ಚಿಪ್‌ಗೆ ಬೀಗ ಹಾಕಬೇಕು. ಆ ಸಾಲು ಕಡಿದು ತೇಲುತ್ತಿದ್ದರೆ ಸಾಯುವ ಹೊತ್ತಿನ ಕಸವೆಲ್ಲ ಚಿಪ್‌ನೊಳಗೆ ಬರೆದುಹೋಗುತ್ತದೆ.

ಇಷ್ಟೆಲ್ಲ ಸರಿ ಇದ್ದೂ ಗಡಿಯಾರ ಬರದಿದ್ದರೆ ಆಗ ಚಿಪ್ ಬದಲಿಸೋಣ. ಎಪ್ಸನ್‌ನ ಆರ್‌ಟಿಸಿ72421 ಇದೇ ಪಿನ್ ಜೋಡಣೆಯದ್ದು, ಕ್ರಿಸ್ಟಲ್ ಒಳಗೇ ಇರುತ್ತದೆ. ಅದನ್ನು ಹಾಕುವುದಾದರೆ ಹೊರಗಿನ ಕ್ರಿಸ್ಟಲ್ ತೆಗೆದುಬಿಡಿ.

ಥ್ರೆಡ್ ಓದುತ್ತಿರುವ ಅಮಿಗಾ 500 ಪ್ಲಸ್ ಮತ್ತು 2000 ಇಟ್ಟುಕೊಂಡವರಿಗೆ: ನಿಮ್ಮಲ್ಲಿ ಆ ಬ್ಯಾಟರಿ ಇರುವುದು ಮುಖ್ಯ ಬೋರ್ಡಿನಲ್ಲೇ. ಗಡಿಯಾರ ಬೇಕೋ ಬೇಡವೋ, ಅದನ್ನು ಈ ವಾರವೇ ಕತ್ತರಿಸಿ ತೆಗೆಯಿರಿ. 1200 ಇರುವವರು ಹುಡುಕುವುದು ಬೇಡ, ಅದರಲ್ಲಿ ಕಂಪನಿ ಗಡಿಯಾರವನ್ನೇ ಕೊಟ್ಟಿರಲಿಲ್ಲ.

ನೀವು ಎರಡು ವಿಷಯ ಬರೆದು ಹಾಕಿ. ಸೆಟ್‌ಕ್ಲಾಕ್ ಪರೀಕ್ಷೆಯಲ್ಲಿ ಏನು ಬಂತು, ಮತ್ತು ಮಷೀನ್ ಆನ್ ಇದ್ದಾಗ, ಆಫ್ ಇದ್ದಾಗ 18ನೇ ಪಿನ್ನಿನಲ್ಲಿ ಎಷ್ಟೆಷ್ಟು ವೋಲ್ಟ್. ಕವಚ ತೆಗೆದ ಮೇಲೆ ಬೋರ್ಡಿನ ಎರಡೂ ಬದಿಯ ಫೋಟೋ ಇದ್ದರೆ ಅದನ್ನೂ ಹಾಕಿ, ಯಾವ ಟ್ರ್ಯಾಕ್ ಹೋಗಿದೆ ಅಂತ ಒಟ್ಟಿಗೆ ಹುಡುಕೋಣ.