ಅಪ್ಪ ತೀರಿಕೊಂಡ ಮೇಲೆ ತೋಟದ ಕಾಗದ, ಯಾವುದು ಮೊದಲು?

ತಮ್ಮಾ, ಅಪ್ಪ ಹೋಗಿ ಎರಡು ತಿಂಗಳಾಯ್ತು, ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದೆ, ಅಕ್ಕಂದಿರ ಹೆಸರು ಸೇರಿಸಬೇಕಾ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀಯ. ಇದೇ ಕೆಲಸಕ್ಕೆ ನಾನೂ ತೀರ್ಥಹಳ್ಳಿಗೆ ಸಾಕಷ್ಟು ಬಸ್ ಚಾರ್ಜು ಸುರಿದವನು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಮರಣ ಪ್ರಮಾಣಪತ್ರ. ಸಾವು ಎಲ್ಲಿ ಆಗಿದೆಯೋ ನೋಂದಣಿ ಅಲ್ಲೇ. ಮಣಿಪಾಲದಲ್ಲಿ ತೀರಿಕೊಂಡಿದ್ದರೆ ನಿಮ್ಮೂರಲ್ಲಿ ಕೇಳಿ ಪ್ರಯೋಜನ ಇಲ್ಲ. 21 ದಿನದೊಳಗೆ ಆದರೆ ಸಲೀಸು, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಆರೆಂಟು ಪ್ರತಿ ತೆಗೆದಿಡು, ಎಲ್ಲ ಕಡೆ ಕೇಳುತ್ತಾರೆ. ಅಜ್ಜನದೂ ಬೇಕಾಗುತ್ತದೆ, ಹಳೇ ಪೆಟ್ಟಿಗೆ ಹುಡುಕು.

ಆಮೇಲೆ ನಾಡಕಚೇರಿಯಲ್ಲಿ ವಂಶವೃಕ್ಷ. ಇಲ್ಲೇ ನಾನು ಎಡವಿದ್ದು. ಪಹಣಿ ಅಜ್ಜನ ಹೆಸರಲ್ಲಿದ್ದರೆ ಮರ ಅಜ್ಜನಿಂದಲೇ ಶುರುವಾಗಬೇಕು. ಅಂದರೆ ನಿನ್ನ ಅಮ್ಮ, ಅಕ್ಕಂದಿರು ಅಷ್ಟೇ ಅಲ್ಲ, ಚಿಕ್ಕಪ್ಪ, ಅತ್ತೆಯರೂ ಬರುತ್ತಾರೆ. ನಾನು ಮದುವೆಯಾಗಿ ಹೋದ ಅತ್ತೆಯ ಹೆಸರು ಬಿಟ್ಟಿದ್ದೆ. ಬೇಕಂತ ಅಲ್ಲ, ಸುಮ್ನೆ ಅವರನ್ನೇಕೆ ಸಹಿಗೆ ಓಡಾಡಿಸೋದು ಅಂತ. ತಕರಾರು ಬಂತು, ಎಲ್ಲ ಮೊದಲಿಂದ. ಅತ್ತೆ ಮಾತು ಬಿಟ್ಟಿದ್ದು ಬೇರೆ. ಅಕ್ಕಂದಿರ ಹೆಸರು ಹಾಕಲೇಬೇಕು, ಹೆಣ್ಣುಮಕ್ಕಳಿಗೂ ಸಮಪಾಲು ಅಂತ 2005ರ ತಿದ್ದುಪಡಿಯೇ ಹೇಳುತ್ತದೆ. ಅಪ್ಪನ ತಾಯಿ ಬದುಕಿದ್ದರೆ ಅವರೂ ವಾರಸುದಾರರೇ, ಎಷ್ಟೋ ಜನ ಅಜ್ಜಿಯನ್ನು ಮರೆತೇಬಿಡುತ್ತಾರೆ.

ಇದಿಷ್ಟು ಕೈಯಲ್ಲಿದ್ದರೆ ಪೌತಿ ಖಾತೆಗೆ ಅರ್ಜಿ, ಅಂದರೆ ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಪಹಣಿ ಬದಲಾಯಿಸೋದು. ಪೌತಿ ಖಾತೆ ಮಾಡಿಸಿದರೆ ಪಾಲಾಗಿ ಹೋಗುತ್ತೆ ಅನ್ನೋ ಹೆದರಿಕೆ ನಮ್ಮ ಕಡೆ ಜಾಸ್ತಿ, ಅದಕ್ಕೇ ಪಹಣಿಗಳು ಅಜ್ಜ, ಮುತ್ತಜ್ಜನ ಹೆಸರಲ್ಲೇ ಕೊಳೆಯುತ್ತಿವೆ. ಹಾಗೇನಿಲ್ಲ. ಎಲ್ಲರ ಹೆಸರು ಜಂಟಿಯಾಗಿ ಕೂರುತ್ತದೆ, ಅಷ್ಟೇ. ಪಾಲು ಬೇಕಾದಾಗ ಸರ್ವೆಯವರಿಂದ ಪಾಲು ಗುರುತಿಸೋ 11ಇ ನಕ್ಷೆ ಮಾಡಿಸಿ ವಿಭಾಗಪತ್ರ ನೋಂದಾಯಿಸಬಹುದು, ಅಕ್ಕಂದಿರು ತಾವಾಗಿಯೇ ಬಿಟ್ಟುಕೊಡೋದಾದರೆ ಹಕ್ಕು ಬಿಡುಗಡೆ ಪತ್ರವೂ ನೋಂದಣಿ ಆಗಬೇಕು. ಬಿಳಿ ಹಾಳೆ ಮೇಲೆ ಸಹಿ ಹಾಕಿಸಿಕೊಂಡು ಕೂರಬೇಡ. ಪಹಣಿಯ ಹೆಸರಿಗೂ ಆಧಾರ್ ಹೆಸರಿಗೂ ಒಂದಕ್ಷರ ಹೆಚ್ಚುಕಮ್ಮಿ ಇದ್ದರೂ ಈಗಲೇ ನೋಡಿಕೋ.

ಹೆಸರು ಬರೋವರೆಗೆ ರೈತರ ಗುರುತಿನ ನಂಬರ್ ಆದ ಎಫ್‌ಐಡಿ, ಬೆಳೆ ವಿಮೆ, ಸೊಸೈಟಿ ಬೆಳೆಸಾಲ ಎಲ್ಲಕ್ಕೂ ತೊಂದರೆ. ಅಪ್ಪನ ಸಾಲ ಬಾಕಿ ಇದ್ದರೆ ಕಾರ್ಯದರ್ಶಿಗೆ ವಿಷಯ ಹೇಳಿಬಿಡು, ಕಂತು ತಪ್ಪಿ ಸುಸ್ತಿ ಆಗೋಕೆ ಬಿಡಬೇಡ. ಪಿಎಂ ಕಿಸಾನ್ ಅಪ್ಪನ ಖಾತೆಗೆ ಬರುತ್ತಿದ್ದರೆ ನಿಲ್ಲಿಸೋಕೆ ಹೇಳು, ಆಮೇಲೆ ವಾಪಸ್ ಕೇಳುತ್ತಾರೆ. ಮೆಸ್ಕಾಂ ಕರೆಂಟ್ ಸಂಪರ್ಕದ ಆರ್‌ಆರ್ ನಂಬರಿನ ಹೆಸರು ನಿಧಾನಕ್ಕೆ ಬದಲಾಯಿಸಿದರೂ ನಡೆಯುತ್ತದೆ.

ಬ್ಯಾಂಕಿಗೆ ಹೋಗೋ ಮೊದಲು ಅಪ್ಪನ ಪಾಸ್‌ಬುಕ್ ಎಂಟ್ರಿ ಮಾಡಿಸಿ ಸಾಲು ಸಾಲಾಗಿ ನೋಡು. ಮೇ, ಜೂನ್ ಹತ್ತಿರ 436 ರೂಪಾಯಿ ಕಟ್ ಆಗಿದ್ದರೆ ಅದು ಜೀವನ್ ಜ್ಯೋತಿ ಜೀವವಿಮೆ, 2 ಲಕ್ಷ ಬರುತ್ತದೆ. 20 ರೂಪಾಯಿ ಕಟ್ ಆಗಿದ್ದರೆ ಅಪಘಾತದ ವಿಮೆ, ಅಡಿಕೆ ಮರದಿಂದ ಬಿದ್ದು ಅಥವಾ ಹಾವು ಕಚ್ಚಿ ಹೋದವರಿಗೂ ಸಿಗುತ್ತದೆ, ಆಸ್ಪತ್ರೆ ದಾಖಲೆ ಇರಬೇಕು. ಬ್ಯಾಂಕಿನವರು ತಾವಾಗಿ ಹೇಳುತ್ತಾರೆ ಅಂತ ಕಾಯಬೇಡ. ಬ್ಯಾಂಕ್ ಖಾತೆಗೆ ನಾಮಿನಿ ಅಂತ ಅಮ್ಮನ ಹೆಸರಿದ್ದರೆ ಖಾತೆಯಲ್ಲಿರೋ ದುಡ್ಡು ಅವರ ಕೈಗೆ ಕೊಡುತ್ತಾರೆ, ಆದರೆ ನಾಮಿನಿ ಅಂದಮಾತ್ರಕ್ಕೆ ಪೂರ್ತಿ ಒಡೆಯರಲ್ಲ, ವಾರಸುದಾರರಿಗೆ ಪಾಲು ಇದ್ದೇ ಇದೆ. ಎಟಿಎಂ ಕಾರ್ಡಲ್ಲಿ ತೆಗೆಯೋ ಬುದ್ಧಿವಂತಿಕೆ ಮಾತ್ರ ಮಾಡಬೇಡ.

ಇನ್ನೊಂದು, ನೀನು ಕೇಳಿಲ್ಲ. ಮನೆಯಲ್ಲಿ ಮಂಗ, ಹಂದಿ ಓಡಿಸೋ ಕೋವಿ ಇದೆಯಾ? ಲೈಸೆನ್ಸ್ ಅಪ್ಪನದು, ನಿನ್ನದಲ್ಲ. ಗೋಡೆಗೆ ನೇತು ಹಾಕಿಟ್ಟರೆ ನಿನ್ನ ಮೇಲೇ ಕೇಸು. ಉಳಿದದ್ದೆಲ್ಲ ಒಂದು ವಾರ ತಡವಾದರೂ ಪರವಾಗಿಲ್ಲ, ಕೋವಿ ಮಾತ್ರ ನಾಳೆಯೇ ಠಾಣೆಗೆ ಕೊಟ್ಟು ರಸೀದಿ ತಗೋ. ಬೇಕಾದರೆ ಆಮೇಲೆ ನಿನ್ನ ಹೆಸರಲ್ಲಿ ಅರ್ಜಿ ಹಾಕು.