ವಿಷದ ಹೊಳೆ ಚೆಂದ ಕಂಡರೆ ತಪ್ಪೇ?

ನಮಸ್ಕಾರ. ಹೋದ ಸಂಚಿಕೆಯ ಕಲಾಪ್ರದರ್ಶನಗಳ ಲೇಖನದ ಬಗ್ಗೆ ನಿಮ್ಮದು ಎರಡು ತಕರಾರು. ಕೆನಡಾದ ಛಾಯಾಗ್ರಾಹಕ ಎಡ್ವರ್ಡ್ ಬರ್ಟಿನ್ಸ್ಕಿ ತೆಗೆದ ಕಿತ್ತಳೆ ಬಣ್ಣದ ಹೊಳೆಯ ಫೋಟೊ ಕ್ಯಾಲೆಂಡರಿಗೆ ಹಾಕುವಷ್ಟು ಚೆಂದ ಇದೆ, ಮಾಲಿನ್ಯಕ್ಕೆ ಮೇಕಪ್ ಮಾಡಿದ ಹಾಗಾಯಿತು, ತೆಗೆದುಹಾಕಿ ಅನ್ನುತ್ತೀರಿ. ತಮ್ಮ ಸರೋವರಕ್ಕೆ ವಿಷ ಬಿದ್ದ ಮೇಲೂ ನೀರಿಗೆ ಥ್ಯಾಂಕ್ಸ್ ಹೇಳುವ, ಅಮೆರಿಕದ ಮೂಲನಿವಾಸಿಗಳಾದ ಒನೊಂಡಾಗಾ ಜನರದ್ದು ಬರೀ ಭಾವುಕತೆ ಅಲ್ವಾ ಎಂದೂ ಕೇಳಿದ್ದೀರಿ.

ಫೋಟೊ 1996ರದ್ದು, ಕೆನಡಾದ ಸಡ್‌ಬರಿಯದ್ದು. ಕಪ್ಪು ನೆಲದ ನಡುವೆ ಕೆಂಡದಂಥ ಹರಿವು, ಮೊದಲ ನೋಟಕ್ಕೆ ಲಾವಾ ಅನ್ನಿಸುತ್ತದೆ. ಅದಿರಿನಿಂದ ನಿಕಲ್ ತೆಗೆದುಕೊಂಡ ಮೇಲೆ ಉಳಿದ ಕಸದಲ್ಲಿ ಕಬ್ಬಿಣ ಇರುತ್ತದಲ್ಲ, ಅದು ತುಕ್ಕು ಹಿಡಿದ ಬಣ್ಣ ಅದು. ಕೊಳಕಾಗಿ ಕಂಡಿದ್ದರೆ ನೀವು ಪುಟ ತಿರುವಿ ಹೋಗುತ್ತಿದ್ದಿರಿ. ಚೆಂದ ಕಂಡಿತು, ನಿಂತು ನೋಡಿದಿರಿ, ಏನೆಂದು ಗೊತ್ತಾಗಿ ಸಿಟ್ಟು ಬಂತು. ನನಗೆ ಬೇಕಾಗಿದ್ದೂ ಅದೇ.

ಆದರೆ ಬರ್ಟಿನ್ಸ್ಕಿಯ ಎಷ್ಟೋ ಚಿತ್ರಗಳು ದೂರದಿಂದ, ಎತ್ತರದಿಂದ ನೋಡುತ್ತವೆ. 2018ರಲ್ಲಿ ಟೊರಾಂಟೊ ಮತ್ತು ಒಟ್ಟಾವಾದಲ್ಲಿ ಒಟ್ಟಿಗೇ ನಡೆದ 'ಆಂತ್ರೊಪೊಸೀನ್' (ಮನುಷ್ಯ ಭೂಮಿಯನ್ನೇ ಬದಲಿಸಿದ ಯುಗ ಅಂತ ಅರ್ಥ) ಪ್ರದರ್ಶನದ ಬಗ್ಗೆಯೂ ನನ್ನ ದೂರು ಇದೇ. ಗಾಯದ ಅಳತೆ ಸಿಗುತ್ತದೆ. ಅಲ್ಲಿ ಯಾರು ಯಾರು ಬದುಕಿದ್ದರು ಅನ್ನುವುದು ಅಷ್ಟಾಗಿ ಸಿಗುವುದಿಲ್ಲ.

ಅದಕ್ಕೇ ಲೇಖನದಲ್ಲಿ ಫೋಟೊದ ಪಕ್ಕ ನ್ಯೂಯಾರ್ಕ್ ರಾಜ್ಯದ ಸ್ಕಾನೊ ಕೇಂದ್ರ ಎಂಬ ಮ್ಯೂಸಿಯಂ ಅನ್ನು ಇಟ್ಟಿದ್ದು. ಅದಿರುವುದು ಒನೊಂಡಾಗಾ ಸರೋವರದ ದಡದಲ್ಲೇ. ಮೊದಲು ಅಲ್ಲಿ ಫ್ರೆಂಚ್ ಪಾದ್ರಿಗಳ ಕಥೆ ಹೇಳುವ ಮ್ಯೂಸಿಯಂ ಇತ್ತು. 2015ರಿಂದ ಒನೊಂಡಾಗಾ ಜನರ ಕಥೆಯೇ ಇದೆ. ಒನೊಂಡಾಗಾ ಜನರೂ ಸೇರಿರುವ ಹೊಡೆನೊಶೋನಿ ಎಂಬ ಮೂಲನಿವಾಸಿ ಒಕ್ಕೂಟದ ಐದು ಜನಾಂಗಗಳು ಕಾದಾಟ ಬಿಟ್ಟು ಒಂದಾಗಿದ್ದು ಇದೇ ನೀರಿನ ಪಕ್ಕದಲ್ಲಿ ಎಂದು ಅವರು ಹೇಳುತ್ತಾರೆ. ಅದೇ ನೀರಿಗೆ 1946ರಿಂದ 1970ರವರೆಗೆ ಕಾರ್ಖಾನೆಯಿಂದ ಬಿದ್ದ ಪಾದರಸ ಸುಮಾರು 75 ಟನ್. 1970ರಲ್ಲಿ ಮೀನು ಹಿಡಿಯುವುದನ್ನೇ ನಿಷೇಧಿಸಿದರು.

ಈಗ ಥ್ಯಾಂಕ್ಸ್ ವಿಷಯ. ಅವರ ಸಭೆ ಶುರುವಾಗುವುದೇ ಕೃತಜ್ಞತೆಯ ಮಾತಿನಿಂದ. ಜನರಿಗೆ, ಭೂಮಿತಾಯಿಗೆ, ನೀರಿಗೆ, ಮೀನಿಗೆ, ಗಿಡಕ್ಕೆ, ಮರಕ್ಕೆ, ಹಕ್ಕಿಗೆ, ಗಾಳಿಗೆ, ಗುಡುಗಿಗೆ, ಸೂರ್ಯನಿಗೆ, ಚಂದ್ರಜ್ಜಿಗೆ (ಹೌದು, ಅವರಿಗೆ ಚಂದ್ರ ಅಜ್ಜಿ) ಹೀಗೆ ಒಬ್ಬೊಬ್ಬರನ್ನೇ ಕರೆದು ಹೇಳುತ್ತಾರೆ, ಒಂದೊಂದಾದ ಮೇಲೂ ನಮ್ಮೆಲ್ಲರ ಮನಸ್ಸು ಒಂದಾಯಿತು ಅನ್ನುತ್ತಾರೆ. ಏನನ್ನೂ ಬೇಡುವುದಿಲ್ಲ. ನನ್ನ ಕಿವಿಗೆ ಇದು ಹಾಜರಿ ಕರೆದ ಹಾಗೆ ಕೇಳುತ್ತದೆ. ಮೀನಿನ ಹೆಸರು ಬಂದಾಗ ಅದರ ಗತಿ ಏನಾಗಿದೆ ಎಂದು ಕೂತವರಿಗೆಲ್ಲ ನೆನಪಾಗದೇ ಇರುತ್ತದೆಯೇ? ಬರ್ಟಿನ್ಸ್ಕಿಯ ಫೋಟೊದಲ್ಲಿ ಇಲ್ಲದ ಪಟ್ಟಿ ಇದು.

ಭಾವುಕರಾಗಿ ಸುಮ್ನೆ ಕೂತವರೂ ಅಲ್ಲ ಅವರು. ನ್ಯೂಯಾರ್ಕ್ ರಾಜ್ಯ ತಮ್ಮ ನೆಲವನ್ನು ಅಕ್ರಮವಾಗಿ ತೆಗೆದುಕೊಂಡಿತೆಂದು 2005ರಲ್ಲಿ ಫೆಡರಲ್ ಕೋರ್ಟಿಗೆ ಹೋದರು. ಈಗ ಅಲ್ಲಿರುವವರನ್ನು ಒಕ್ಕಲೆಬ್ಬಿಸಿ ಎಂದು ಕೇಳಲಿಲ್ಲ, ನೆಲ ನೀರು ಶುದ್ಧ ಮಾಡಿಸುವುದು ಅವರ ಮುಖ್ಯ ಉದ್ದೇಶವಾಗಿತ್ತು. 2010ರಲ್ಲಿ ಕೇಸು ವಜಾ ಆಯಿತು. ಇಷ್ಟು ತಡವಾಗಿ ಬಂದರೆ ಈಗಿನ ವ್ಯವಸ್ಥೆಯೆಲ್ಲ ಅಲುಗಾಡುತ್ತದೆ ಎಂಬ ಧಾಟಿಯ ತರ್ಕ. ನಿಮ್ಮ ಸಿಟ್ಟನ್ನು ಅತ್ತ ತಿರುಗಿಸಿದರೆ ನಾನೂ ಜೊತೆಗಿದ್ದೇನೆ. ಫೋಟೊ ಮಾತ್ರ ತೆಗೆಯುವುದಿಲ್ಲ.

– ಸಂ.