ಹೋಲಿಕೆ ಎಲ್ಲಿಯವರೆಗೆ? – ಕಲಿಕೆ ಪ್ರಶ್ನೋತ್ತರ

ಪ್ರಶ್ನೆ: 10ನೇ ತರಗತಿಗೆ ವಿದ್ಯುಚ್ಛಕ್ತಿ ಪಾಠ ಮಾಡುವಾಗ ಓವರ್‌ಹೆಡ್ ಟ್ಯಾಂಕಿನ ನೀರಿಗೆ ಹೋಲಿಸಿ ಹೇಳುತ್ತೇನೆ. ಮಕ್ಕಳು ತಲೆಯಾಡಿಸುತ್ತಾರೆ. ಪರೀಕ್ಷೆಯಲ್ಲಿ ಮಾತ್ರ ‘ಬಲ್ಬು ಕರೆಂಟನ್ನು ಖಾಲಿ ಮಾಡುತ್ತದೆ’, ‘ತಂತಿ ತುಂಡಾದರೆ ಕರೆಂಟು ಸೋರುತ್ತದೆ’ ಎಂದು ಬರೆಯುತ್ತಾರೆ. ಹೋಲಿಕೆಯನ್ನೇ ಬಿಟ್ಟುಬಿಡಲೇ?
– ವಿಜ್ಞಾನ ಶಿಕ್ಷಕಿ, ಶಿರಸಿ

ಉತ್ತರ: ಬಿಡಬೇಡಿ, ಚಿತ್ರವನ್ನು ಬದಲಿಸಿ. ಟ್ಯಾಂಕಿನ ನೀರು ನಲ್ಲಿಯಿಂದ ಬಿದ್ದು ಬಚ್ಚಲಿಗೆ ಹೋಗಿಬಿಡುತ್ತದೆ, ಮತ್ತೆ ಹಿಂದಿರುಗುವುದಿಲ್ಲ. ನಿಮ್ಮ ಮಕ್ಕಳು ಆ ಚಿತ್ರವನ್ನು ಸರಿಯಾಗಿಯೇ ಓದಿ ‘ಖಾಲಿ ಮಾಡುತ್ತದೆ’ ಎಂದು ಬರೆದಿದ್ದಾರೆ. ವಿದ್ಯುತ್ ಮಂಡಲ ಹಾಗಲ್ಲ, ಅದು ಸುತ್ತು ಪೂರ್ತಿಯಾದ ದಾರಿ. ಹಾಗಾಗಿ ಬೋರ್ಡಿನ ಮೇಲೆ ಸಂಪು, ಮೋಟಾರು, ಮೇಲಿನ ಟ್ಯಾಂಕು, ಇಳಿಯುವ ಪೈಪು, ಮತ್ತೆ ಸಂಪು ಎಂದು ಸುತ್ತನ್ನು ಮುಚ್ಚಿ. ಇಳಿಯುವ ಪೈಪಿನ ನಡುವೆ ಒಂದು ಪುಟ್ಟ ಚಕ್ರ ಇಡಿ, ಅದು ಬಲ್ಬು. ಚಕ್ರ ತಿರುಗಿಸಿದ ಮೇಲೂ ಅಷ್ಟೇ ನೀರು ಮುಂದೆ ಹೋಗುತ್ತದೆ. ಕಡಿಮೆಯಾಗುವುದು ನೀರಲ್ಲ, ಎತ್ತರ. ಮೋಟಾರು ವಿದ್ಯುತ್ಕೋಶ, ಎತ್ತರದ ವ್ಯತ್ಯಾಸ ವಿಭವಾಂತರ, ಸೆಕೆಂಡಿಗೆ ಹರಿದ ನೀರು ವಿದ್ಯುತ್ ಪ್ರವಾಹ, ಪೈಪಿನ ಕಿರಿದಾದ ಭಾಗ ರೋಧ.

ಕನ್ನಡ ಪಾಠದಲ್ಲಿ ಇದೇ ಮಕ್ಕಳು ಉಪಮಾಲಂಕಾರ ಕಲಿತಿರುತ್ತಾರೆ: ಉಪಮೇಯ, ಉಪಮಾನ, ವಾಚಕಪದ, ಸಮಾನಧರ್ಮ. ವಿಜ್ಞಾನದ ತರಗತಿಗೂ ಅದನ್ನೇ ತನ್ನಿ, ಎರಡು ಕರಾರಿನೊಂದಿಗೆ. ಮೊದಲನೆಯದು, ಸಮಾನಧರ್ಮ ರೂಪದ್ದಾಗಿರಬಾರದು, ಸಂಬಂಧದ್ದಾಗಿರಬೇಕು. ಬ್ಯಾಟರಿಯೂ ಟ್ಯಾಂಕೂ ಉರುಳೆಯಾಕಾರ ಎಂದರೆ ಏನೂ ಸಿಗುವುದಿಲ್ಲ. ‘ಇದು ಹೆಚ್ಚಿದರೆ ಅದೂ ಹೆಚ್ಚುತ್ತದೆ’ ಎಂಬುದು ಎರಡೂ ಕಡೆ ನಿಜವಾದರೆ ಆ ಹೋಲಿಕೆ ಕೆಲಸಕ್ಕೆ ಬರುತ್ತದೆ. ಎರಡನೆಯದು, ಅಲಂಕಾರದಲ್ಲಿಲ್ಲದ ಐದನೆಯ ಭಾಗವೊಂದು ಇಲ್ಲಿ ಬೇಕೇ ಬೇಕು: ಹೊಂದದ ಗುಣ. ಬೋರ್ಡಿನ ಮೇಲೆ ‘ನೀರು’, ‘ವಿದ್ಯುತ್’, ‘ಇಲ್ಲಿ ಹೊಂದುವುದಿಲ್ಲ’ ಎಂದು ಮೂರು ಅಂಕಣ ಎಳೆಯಿರಿ. ಮೂರನೆಯದನ್ನು ಮಕ್ಕಳೇ ತುಂಬಲಿ, ಅದಕ್ಕೆ 10 ನಿಮಿಷವಾದರೂ ಕೊಡಿ. ಶಿಕ್ಷಕರು ಅವಸರದಲ್ಲಿ ಬಿಟ್ಟುಬಿಡುವುದು ಇದನ್ನೇ. ತಪ್ಪು ಕಲ್ಪನೆಗಳು ಬೇರೂರುವುದೂ ಇಲ್ಲೇ.

ಆ ಅಂಕಣದಲ್ಲಿ ಕನಿಷ್ಠ ಮೂರು ಅಂಶ ಬರಲಿ. ಪೈಪು ತುಂಡಾದರೆ ನೀರು ಸುರಿಯುತ್ತದೆ, ತಂತಿ ತುಂಡಾದರೆ ಪ್ರವಾಹ ನಿಲ್ಲುತ್ತದೆ. ಹೊಸ ಪೈಪು ಖಾಲಿ ಇರುತ್ತದೆ, ತಂತಿಯಲ್ಲಿ ಎಲೆಕ್ಟ್ರಾನುಗಳು ಮೊದಲೇ ತುಂಬಿರುತ್ತವೆ. ಅದಕ್ಕೇ ಅವು ಸೆಕೆಂಡಿಗೆ ಒಂದು ಮಿಲಿಮೀಟರಿಗಿಂತ ನಿಧಾನವಾಗಿ ಮುಂದೆ ಸರಿದರೂ ಸ್ವಿಚ್ ಹಾಕಿದ ಕೂಡಲೇ ಬಲ್ಬು ಹತ್ತುತ್ತದೆ. ಇನ್ನೊಂದು ಲೆಕ್ಕದ ಮಾತು: ತಂತಿಯ ತ್ರಿಜ್ಯ ಎರಡರಷ್ಟಾದರೆ ರೋಧ ನಾಲ್ಕನೇ ಒಂದಕ್ಕೆ ಇಳಿಯುತ್ತದೆ, ಸುಳಿಯಿಲ್ಲದೆ ನಿಧಾನವಾಗಿ ನೀರು ಹರಿಯುವ ಪೈಪಿನಲ್ಲಾದರೆ ಅಡ್ಡಿ ಹದಿನಾರನೇ ಒಂದಕ್ಕೆ. ಲೆಕ್ಕದಲ್ಲಿ ಚುರುಕಾದ ಮಕ್ಕಳಿಗೆ ಇದನ್ನು ಬಿಡಿ, ಖುಷಿಪಡುತ್ತಾರೆ.

ಒಂದೇ ಹೋಲಿಕೆಗೆ ಜೋತುಬೀಳುವುದೂ ಬೇಡ. ಡೆಡ್ರೆ ಗೆಂಟ್ನರ್ ಮತ್ತು ಡೊನಾಲ್ಡ್ ಗೆಂಟ್ನರ್ 1983ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು: ವಿದ್ಯುತ್ತನ್ನು ನೀರೆಂದು ಭಾವಿಸಿದವರು ಬ್ಯಾಟರಿಗಳ ಜೋಡಣೆಯ ಪ್ರಶ್ನೆಗಳನ್ನು ಚೆನ್ನಾಗಿ ಬಿಡಿಸಿದರು, ನುಗ್ಗುವ ಜನರ ಗುಂಪೆಂದು ಭಾವಿಸಿದವರು ರೋಧಕಗಳ ಪ್ರಶ್ನೆಗಳನ್ನು. ಕಾರಣ ಸರಳ. ಟ್ಯಾಂಕಿನ ಮೇಲೆ ಟ್ಯಾಂಕು ಇಟ್ಟರೆ ಎತ್ತರ ಹೆಚ್ಚುತ್ತದೆ, ಪಕ್ಕದಲ್ಲಿಟ್ಟರೆ ಹೆಚ್ಚುವುದಿಲ್ಲ. ಸರಣಿ, ಸಮಾಂತರ ಕೋಶಗಳು ಅಲ್ಲೇ ಅರ್ಥವಾಗುತ್ತವೆ. ಆದರೆ ನೀರನ್ನು ನೆನೆದವರಿಗೆ ಎರಡು ರೋಧಕ ಎಂದರೆ ಎರಡು ಅಡ್ಡಿ ಎಂದೇ ತೋಚುತ್ತದೆ. ಜಾತ್ರೆಯ ಬೇಲಿಗೆ ಒಂದು ಗೇಟಿನ ಪಕ್ಕ ಇನ್ನೊಂದು ಗೇಟು ಇಟ್ಟರೆ ಎರಡರಷ್ಟು ಜನ ದಾಟುತ್ತಾರೆ. ಸಮಾಂತರ ರೋಧಕಕ್ಕೆ ಈ ಚಿತ್ರವೇ ಬೇಕು.

ಪ್ರಶ್ನೆ: ಪಾಠಕ್ಕೆ ಹೊಂದುವ ಕಥೆ ಹೇಳುತ್ತೇನೆ, ಮಕ್ಕಳು ಮೈಮರೆತು ಕೇಳುತ್ತಾರೆ. ಸಮಸ್ಯೆ ಕೊಟ್ಟಾಗ ಆ ಕಥೆ ನೆನಪಿಗೇ ಬರುವುದಿಲ್ಲ. ಏಕೆ?
– ಪ್ರಾಥಮಿಕ ಶಾಲಾ ಶಿಕ್ಷಕ, ಗಂಗಾವತಿ

ಉತ್ತರ: ದೊಡ್ಡವರಿಗೂ ಹಾಗೆಯೇ. ಮೇರಿ ಗಿಕ್ ಮತ್ತು ಕೀತ್ ಹೋಲಿಯೋಕ್ 1980ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಸಮಸ್ಯೆ ಕೊಟ್ಟರು: ಹೊಟ್ಟೆಯೊಳಗಿನ ಗೆಡ್ಡೆಯನ್ನು ಕಿರಣದಿಂದ ನಾಶ ಮಾಡಬೇಕು, ಆದರೆ ಆ ಬಲವಾದ ಕಿರಣ ದಾರಿಯಲ್ಲಿರುವ ಒಳ್ಳೆಯ ಭಾಗವನ್ನೂ ಸುಡುತ್ತದೆ. ಪರಿಹಾರ, ಹಲವು ದಿಕ್ಕಿನಿಂದ ಕ್ಷೀಣ ಕಿರಣಗಳನ್ನು ಗೆಡ್ಡೆಯ ಮೇಲೆ ಕೂಡಿಸುವುದು. ಸೈನ್ಯವನ್ನು ಚಿಕ್ಕ ತುಕಡಿಗಳಾಗಿ ಒಡೆದು ಹಲವು ದಾರಿಯಲ್ಲಿ ಕೋಟೆಗೆ ಕಳಿಸಿದ ಸೇನಾಪತಿಯ ಕಥೆಯನ್ನು ಮೊದಲೇ ಓದಿಸಿದ್ದರೂ ಹೆಚ್ಚಿನವರಿಗೆ ಅದು ತಾನಾಗಿ ಹೊಳೆಯಲಿಲ್ಲ. ‘ಆ ಕಥೆ ಬಳಸಿ ನೋಡಿ’ ಎಂದ ಮೇಲೆ ಬಹುಪಾಲು ಜನ ಬಿಡಿಸಿದರು. ಕಥೆಯಲ್ಲಿ ಸೇನಾಪತಿ, ಕೋಟೆ ಮನಸ್ಸಿಗೆ ಅಂಟಿಕೊಳ್ಳುತ್ತವೆ, ಒಳಗಿನ ಎಲುಬು ಅಂಟುವುದಿಲ್ಲ. ಹಾಗಾಗಿ ಒಂದೇ ಕಥೆ ಸಾಲದು. ಬೇರೆ ಬೇರೆ ವಿಷಯದ ಎರಡು ಕಥೆ ಹೇಳಿ, ‘ಎರಡರಲ್ಲೂ ಆದದ್ದು ಏನು?’ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಸಿ. ಪಾತ್ರಗಳ ಹೆಸರು ಆ ವಾಕ್ಯದಲ್ಲಿ ಬರಬಾರದು. ಸಮಸ್ಯೆ ಕೊಡುವುದು ಆಮೇಲೆ.

ಪ್ರಶ್ನೆ: ಬಿ.ಎಡ್. ಅಭ್ಯಾಸ ಪಾಠಕ್ಕೆ ಸೈನೆಕ್ಟಿಕ್ಸ್ (ಹೋಲಿಕೆಗಳ ಮೂಲಕ ಹೊಸ ಆಲೋಚನೆ ಹುಟ್ಟಿಸುವ) ಮಾದರಿ ಆರಿಸಿಕೊಂಡಿದ್ದೇನೆ. ‘ನೀನೇ ಆ ವಸ್ತು ಎಂದುಕೋ’ ಎಂದರೆ ಮಕ್ಕಳು ನಗುತ್ತಾರೆ, ಇಲ್ಲವೇ ಗೊತ್ತಿರುವ ಮಾಹಿತಿ ಒಪ್ಪಿಸುತ್ತಾರೆ. 40 ನಿಮಿಷದಲ್ಲಿ ಹೇಗೆ ಮುಗಿಸುವುದು?
– ಪ್ರಶಿಕ್ಷಣಾರ್ಥಿ, ಧಾರವಾಡ

ಉತ್ತರ: ಈ ಮಾದರಿ ಹುಟ್ಟಿದ್ದು ತರಗತಿಯಲ್ಲಲ್ಲ. ಅಮೆರಿಕದಲ್ಲಿ ಹೊಸ ವಸ್ತುಗಳನ್ನು ಕಂಡುಹಿಡಿಯುವ ತಂಡಗಳ ಜೊತೆ ಕೆಲಸ ಮಾಡುತ್ತ ವಿಲಿಯಂ ಗಾರ್ಡನ್, ಜಾರ್ಜ್ ಪ್ರಿನ್ಸ್ ರೂಪಿಸಿದ ವಿಧಾನ ಇದು. ಹೊಸ ಆಲೋಚನೆ ಹುಟ್ಟುವ ಗಳಿಗೆಯಲ್ಲಿ ತರ್ಕಕ್ಕಿಂತ ಭಾವ ಮುಂದಿರುತ್ತದೆ, ತರ್ಕದ ಸರದಿ ಆಮೇಲೆ ಎಂಬುದು ಗಾರ್ಡನ್ ಅವರ ನಂಬಿಕೆ. ಪಾಠ ಯೋಜನೆಯಲ್ಲಿ ಈ ಅನುಕ್ರಮ ತಲೆಕೆಳಗಾದರೆ ಉಳಿದದ್ದೆಲ್ಲ ಬರೀ ಆಟವಾಗುತ್ತದೆ.

ನಿಜವಾದ ಸಮಸ್ಯೆಯೊಂದನ್ನೇ ಹಿಡಿಯಿರಿ. ‘ಶಾಲೆಯ ಗ್ರಂಥಾಲಯದ ಪುಸ್ತಕಗಳನ್ನು ಯಾರೂ ಮುಟ್ಟುತ್ತಿಲ್ಲ’ ಎನ್ನೋಣ. ಮೊದಲ 5 ನಿಮಿಷ ಮಕ್ಕಳು ಈಗಿನ ಸ್ಥಿತಿಯನ್ನು ವಿವರಿಸಲಿ. ಮುಂದಿನ 5 ನಿಮಿಷ ನೇರ ಹೋಲಿಕೆ: ಬೀರುವಿನೊಳಗಿನ ಪುಸ್ತಕ ಯಾವ ಪ್ರಾಣಿ, ಯಾವ ಗಿಡದಂತೆ? ಅಂಗಡಿ, ಬ್ಯಾಂಕು ಎಂಬ ಉತ್ತರಗಳು ತೀರ ಹತ್ತಿರದವು. ಸಜೀವ ಲೋಕದಿಂದಲೇ ಕೇಳಿ. ಆಮೇಲೆ ವೈಯಕ್ತಿಕ ಹೋಲಿಕೆಗೆ, ಅಂದರೆ ಮಗು ತಾನೇ ಆ ಪುಸ್ತಕವೆಂದುಕೊಂಡು ಮಾತಾಡುವುದಕ್ಕೆ, ಪೂರಾ 10 ನಿಮಿಷ.

ನೀವು ಹೇಳುವ ತೊಂದರೆ ಇಲ್ಲೇ ಬರುವುದು. ಈ ಘಟ್ಟದಲ್ಲಿ ಮೆಟ್ಟಿಲುಗಳಿವೆ. ‘ನನಗೆ 200 ಪುಟ, ರಟ್ಟಿನ ಹೊದಿಕೆ’ ಎನ್ನುವುದು ಕೆಳಗಿನ ಮೆಟ್ಟಿಲು, ಬರೀ ಮಾಹಿತಿ. ‘ನನಗೆ ಬೇಸರ’ ಎನ್ನುವುದು ಒಂದು ಮೆಟ್ಟಿಲು ಮೇಲೆ, ಆದರೆ ಯಾವ ವಸ್ತುವಾದರೂ ಹೇಳಬಹುದಾದ ಮಾತು. ‘ಬೀಗದ ಸದ್ದಾದಾಗಲೆಲ್ಲ ಬೆನ್ನು ನೇರ ಮಾಡಿಕೊಳ್ಳುತ್ತೇನೆ, ಅವರು ರಿಜಿಸ್ಟರ್ ತೆಗೆದುಕೊಂಡು ಹೋಗಿಬಿಡುತ್ತಾರೆ’ ಎಂದಾಗ ಮಗು ಒಳಗೆ ಹೊಕ್ಕಿದೆ. ಅಲ್ಲಿಗೆ ಕರೆದೊಯ್ಯುವುದು ನಿಮ್ಮ ಪ್ರಶ್ನೆ. ‘ನಿನಗೆ ಹೇಗನ್ನಿಸುತ್ತದೆ?’ ಎಂದು ಕೇಳಿದರೆ ‘ಬೇಸರ’ ಎಂಬ ಉತ್ತರವೇ ಬರುತ್ತದೆ. ‘ಈಗ ಬಾಗಿಲು ತೆರೆಯಿತು, ಮೊದಲು ಏನು ಮಾಡುತ್ತೀಯ?’, ‘ಪಕ್ಕದವನನ್ನು ತೆಗೆದುಕೊಂಡು ಹೋದರು, ಈಗ?’ ಎಂದು ಸನ್ನಿವೇಶ ಕೊಡಿ. ಮಾತಿಗೆ ಮೊದಲು 3 ನಿಮಿಷ ಮೌನವಾಗಿ ಬರೆಸಿದರೆ ನಗು ತಾನಾಗಿ ಇಳಿಯುತ್ತದೆ; ಬರೆದದ್ದನ್ನು ಓದುವುದು ಮಕ್ಕಳ ಇಷ್ಟಕ್ಕೆ ಬಿಟ್ಟದ್ದು. ಮನೆಯ ನೋವನ್ನು ಕೆದಕಬಹುದಾದ ಪಾತ್ರವನ್ನು ಯಾವ ಮಗುವಿಗೂ ಹೊರಿಸಬೇಡಿ.

ನಂತರದ 5 ನಿಮಿಷದಲ್ಲಿ ಮಕ್ಕಳು ಹೇಳಿದ ಮಾತುಗಳಿಂದಲೇ ಒಂದಕ್ಕೊಂದು ಎದುರಾಗುವ ಎರಡು ಪದ ಹೆಕ್ಕಿ ಜೋಡಿಸಿ: ‘ಭದ್ರವಾದ ಸೆರೆ’, ‘ಗೌರವದ ಒಂಟಿತನ’. ಇದು ಸಂಕುಚಿತ ವೈರುಧ್ಯ. ಒಂದನ್ನು ತರಗತಿ ಆರಿಸಲಿ. ಇನ್ನೊಂದು 5 ನಿಮಿಷ: ಪ್ರಕೃತಿಯಲ್ಲಿ ‘ಭದ್ರವಾದ ಸೆರೆ’ ಯಾವುದು? ಕಾಯಿಯೊಳಗಿನ ಬೀಜ ಎಂದರು ಎನ್ನಿ. ಬೀಜ ಹೊರಬರುವುದು ಹೇಗೆ? ಕಾಯಿ ಸಿಡಿದು, ಗಾಳಿಯಲ್ಲಿ ತೇಲಿ, ಬಟ್ಟೆಗೆ ಅಂಟಿ, ಹಕ್ಕಿಯ ಹೊಟ್ಟೆಯಲ್ಲಿ. ಕೊನೆಯ 10 ನಿಮಿಷ ಮೊದಲ ಸಮಸ್ಯೆಗೆ ಮರಳಿ. ‘ಅಂಟುವ ಬೀಜ’ ಎಂದರೆ ಮನೆಗೆ ಹೊರಟ ಚೀಲಕ್ಕೆ ಪುಸ್ತಕ ಅಂಟಿಕೊಳ್ಳುವುದು ಹೇಗೆ? ಬೀಗದ ಬೀರುವಿನ ಬದಲು ಬಾಗಿಲ ಬಳಿ ತೂಗುಹಾಕಿದ ಪುಸ್ತಕಗಳು, ಓದಿದವರು ಮುಂದಿನವರ ಹೆಸರು ಬರೆದು ದಾಟಿಸುವ ಚೀಟಿ. ಇಂಥವು ಬರತೊಡಗುತ್ತವೆ. ‘ಇದು ಆಗುತ್ತದೆಯೇ, ಖರ್ಚೆಷ್ಟು?’ ಎಂಬ ವಿಮರ್ಶೆಗೆ ಈಗ ಮಾತ್ರ ಅವಕಾಶ. ಇಪ್ಪತ್ತನೇ ನಿಮಿಷದಲ್ಲೇ ‘ಸರಿ, ತಪ್ಪು’ ಎಂದುಬಿಟ್ಟರೆ ಮಕ್ಕಳು ಮತ್ತೆ ಮೇಷ್ಟರಿಗೆ ಬೇಕಾದ ಉತ್ತರ ಹುಡುಕತೊಡಗುತ್ತಾರೆ.

ಪ್ರಶ್ನೆ: ಮಗಳಿಗೆ ಗಣಿತ ಪರೀಕ್ಷೆ ಎಂದರೆ ಕೈ ನಡುಗುತ್ತದೆ. ಖುಷಿಯಲ್ಲಿದ್ದರೆ ತಲೆ ಓಡುತ್ತದೆ ಎನ್ನುತ್ತಾರಲ್ಲ, ಪರೀಕ್ಷೆಗೆ ಮುಂಚೆ ನಗಿಸಬಹುದೇ?
– ತಾಯಿ, ತುಮಕೂರು

ಉತ್ತರ: ಹೊಸ ದಾರಿ ಹುಡುಕುವ ಕೆಲಸಕ್ಕೆ ಹಗುರ ಮನಸ್ಸು ನೆರವಾಗುತ್ತದೆ. ಆಲಿಸ್ ಐಸೆನ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕೆಲವು ನಿಮಿಷದ ಹಾಸ್ಯಚಿತ್ರ ನೋಡಿದವರು ಮೇಣದಬತ್ತಿಯ ಒಗಟನ್ನು ಇತರರಿಗಿಂತ ಹೆಚ್ಚಾಗಿ ಬಿಡಿಸಿದರು. (ಮೊಳೆ ತುಂಬಿದ ಪೆಟ್ಟಿಗೆ, ಕಡ್ಡಿಪೆಟ್ಟಿಗೆ, ಬತ್ತಿ ಕೊಟ್ಟು, ಮೇಣ ನೆಲಕ್ಕೆ ತೊಟ್ಟಿಕ್ಕದಂತೆ ಗೋಡೆಗೆ ನಿಲ್ಲಿಸಿ ಎನ್ನುವ ಒಗಟು, ಪೆಟ್ಟಿಗೆ ಖಾಲಿ ಮಾಡಿ ಅದನ್ನೇ ಗೋಡೆಗೆ ಹೊಡೆದರೆ ಬತ್ತಿಗೆ ಪೀಠ ಸಿಕ್ಕಿತು.) ಮನೆಯಲ್ಲಿ ಹೊಸ ಅಧ್ಯಾಯ ಶುರುಮಾಡುವ ದಿನ ನಗಿಸಿ, ಒಗಟು ಹೇಳಿ.

ಪರೀಕ್ಷೆಯ ಬೆಳಗ್ಗೆ ಬೇರೆಯದೇ ಉಪಾಯ ಬೇಕು. ನಡುಕವನ್ನು ನಗುವಿನಿಂದ ಮುಚ್ಚಲು ಹೋದರೆ ಅದು ಒಳಗೇ ಉಳಿದು, ಲೆಕ್ಕಕ್ಕೆ ಬೇಕಾದ ಗಮನವನ್ನು ಕಸಿಯುತ್ತದೆ. ಜೆರಾರ್ಡೊ ರಮಿರೆಜ್ ಮತ್ತು ಸಿಯಾನ್ ಬೈಲಾಕ್ 2011ರಲ್ಲಿ ವರದಿ ಮಾಡಿದಂತೆ, ಪರೀಕ್ಷೆಗೆ ತುಸು ಮೊದಲು 10 ನಿಮಿಷ ತಮ್ಮ ಆತಂಕದ ಬಗ್ಗೆ ಬರೆದ ವಿದ್ಯಾರ್ಥಿಗಳ, ಅದರಲ್ಲೂ ಹೆಚ್ಚು ಹೆದರುವವರ, ಅಂಕ ಸುಧಾರಿಸಿತು. ನಿಮ್ಮ ಮಗಳೂ ಬರೆಯಲಿ. ‘ಭಯವಾಗುತ್ತಿದೆ’ ಎಂಬಷ್ಟಕ್ಕೆ ನಿಲ್ಲದೆ ಭಯ ಎಲ್ಲಿದೆ, ಯಾವುದರಂತಿದೆ, ಯಾವ ಲೆಕ್ಕ ಬಂದರೆ ಕೈ ನಿಲ್ಲುತ್ತದೆ ಎಂದು ವಿವರವಾಗಿ ಬರೆಯಲಿ. ಕಾಗುಣಿತ ತಿದ್ದಬೇಡಿ, ಅವಳು ಕೊಡದೆ ಓದಬೇಡಿ. ಪರೀಕ್ಷೆಯ ದಿನವೇ ಮೊದಲ ಬಾರಿಗೆ ಮಾಡಿಸಿದರೆ ಅದೂ ಒಂದು ಪರೀಕ್ಷೆಯಂತಾಗುತ್ತದೆ. ಕಿರುಪರೀಕ್ಷೆಗಳಲ್ಲಿ ಎರಡು ಮೂರು ಸಲ ಅಭ್ಯಾಸವಾಗಿರಲಿ. ಬರೆದ ಹಾಳೆಯನ್ನು ಮನೆಯಲ್ಲೇ ಬಿಟ್ಟು ಹೋಗಲಿ, ಪರೀಕ್ಷಾ ಕೊಠಡಿಗೆ ಅದು ಬೇಡ.